ಆಫ್ರಿಕಾದ ಮನೆಗೊಂದು ಲಿಥಿಯಂ ಬ್ಯಾಟರಿ: ಪುಣೆಯಲ್ಲಿ ಪರೀಕ್ಷಿಸಿದ ಐದು ಯೂನಿಟ್‌ನ ಪೆಟ್ಟಿಗೆಯ ವಿಮರ್ಶೆ

ಪುಣೆ, ಮುಂಬಯಿಗಳ ಕನ್ನಡ ಕುಟುಂಬಗಳಲ್ಲಿ ನೈರೋಬಿ, ಕಂಪಾಲಾ, ಲಾಗೋಸ್ ಅಥವಾ ಜೋಹಾನ್ಸ್‌ಬರ್ಗಿನಲ್ಲಿ ನೌಕರಿ ಮಾಡುವ ಮಗನೋ ಅಳಿಯನೋ ಇರುವುದು ಈಗ ಅಪರೂಪದ ಸಂಗತಿಯಲ್ಲ. ಅಲ್ಲಿ ಮನೆ ಹಿಡಿದು ಒಂದೆರಡು ರಾತ್ರಿ ಕತ್ತಲೆಯಲ್ಲಿ ಕುಳಿತ ಮೇಲೆ ಅವರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಸೋಲಾರ್ ಇನ್ವರ್ಟರಿಗೆ ಯಾವ ಲಿಥಿಯಂ ಬ್ಯಾಟರಿ ಹಾಕಿಸಬೇಕು, ಅದನ್ನು ಇಲ್ಲಿಂದಲೇ ಕೊಂಡು ಕಳಿಸಿದರೆ ಅಗ್ಗವಾಗುವುದಿಲ್ಲವೇ? ವಿದ್ಯುತ್ ಕ್ಷೇತ್ರದಲ್ಲಿ ದುಡಿದವನೆಂಬ ಕಾರಣಕ್ಕೆ ಈ ಪ್ರಶ್ನೆ ಆಗಾಗ ನನ್ನ ಬಳಿಗೂ ಬರುತ್ತದೆ. ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಹಾಕಿಸಿದ, ಗೋಡೆಗೆ ತೂಗುಹಾಕುವ 51.2 ವೋಲ್ಟ್, 100 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಯೊಂದನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಹತ್ತಿರದಿಂದ ಗಮನಿಸುವ ಅವಕಾಶ ಸಿಕ್ಕಿದ್ದರಿಂದ, ಅದನ್ನೇ ಮುಂದಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ನಮೂನೆಯ ಪೆಟ್ಟಿಗೆಯನ್ನು ಹಲವಾರು ಕಂಪನಿಗಳು ಬೇರೆ ಬೇರೆ ಬಣ್ಣ ಬಳಿದು ಮಾರುತ್ತವೆ. ಒಳಗಿನ ಕೋಶಗಳು (ಸೆಲ್) ಬಹುಪಾಲು ಚೀನಾದವೇ ಆಗಿರುತ್ತವೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿ ಒಳ್ಳೆಯದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ 6000 ಸೈಕಲ್ (ಒಮ್ಮೆ ತುಂಬಿ ಬರಿದಾದರೆ ಒಂದು ಸೈಕಲ್) ಎಂಬ ಅಂಕಿ ಆಫ್ರಿಕಾದ ಮನೆಗೆ ಬ್ಯಾಟರಿ ಆರಿಸುವವರಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗದ ಅಂಕಿ. ಅಲ್ಲಿ ಲೆಕ್ಕಕ್ಕೆ ಬರುವುದು ಪೆಟ್ಟಿಗೆ ಇರುವ ಜಾಗದ ಬಿಸಿ, ಕರೆಂಟ್ ಬಂದಾಗ ಅದು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂಬುದು, ಮತ್ತು ಕೆಟ್ಟರೆ ಅದೇ ಊರಿನಲ್ಲಿ ಅದನ್ನು ತೆರೆದು ನೋಡುವವರಿದ್ದಾರೆಯೇ ಎಂಬುದು.

ಇದರೊಳಗಿನ ರಸಾಯನ ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ. ಮೊಬೈಲ್ ಮತ್ತು ಹಲವು ಕಾರುಗಳಲ್ಲಿರುವ ಕೋಬಾಲ್ಟ್, ನಿಕ್ಕಲ್ ಬಗೆಗಳಿಗಿಂತ ಇದು ಭಾರ ಹೆಚ್ಚು, ಆದರೆ ಬಿಸಿಗೆ ಹೆಚ್ಚು ಸಹನಶೀಲ, ಬೆಂಕಿಯ ಅಪಾಯವೂ ಕಡಿಮೆ. ಮನೆಯ ಗೋಡೆಗೆ ಭಾರ ಒಂದು ಸಮಸ್ಯೆಯಲ್ಲವಾದ್ದರಿಂದ ಈ ಉದ್ದೇಶಕ್ಕೆ ಎಲ್‌ಎಫ್‌ಪಿಯನ್ನು ಬಿಟ್ಟು ಬೇರೇನನ್ನೂ ಪರಿಗಣಿಸಬೇಕಾಗಿಲ್ಲ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ 1997ರ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದ್ದು. ಅದರ ಲೇಖಕರಲ್ಲಿ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರ ಜೊತೆಗೆ ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಕೊನೆಯ ಹೆಸರನ್ನು ಓದುವಾಗ ಕನ್ನಡಿಗರ ಕಣ್ಣು ಒಂದು ಕ್ಷಣ ಅಲ್ಲೇ ನಿಂತರೆ ಆಶ್ಚರ್ಯವಿಲ್ಲ.

ಒಂದು ಕೋಶದ ವೋಲ್ಟೇಜು 3.2. ಹದಿನಾರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 51.2 ವೋಲ್ಟ್, ಅದನ್ನು 100 ಆಂಪಿಯರ್-ಅವರ್‌ನಿಂದ ಗುಣಿಸಿದರೆ 5.12 ಕಿಲೋವ್ಯಾಟ್-ಅವರ್, ಅಂದರೆ ಬಿಲ್ಲಿನ ಭಾಷೆಯಲ್ಲಿ ಐದು ಯೂನಿಟ್‌ಗಿಂತ ತುಸು ಹೆಚ್ಚು. ಪೂರ್ತಿ ಬರಿದಾಗಿಸದೆ ಶೇಕಡಾ 90ರಷ್ಟು ಬಳಸಿ, ಇನ್ವರ್ಟರ್‌ನಲ್ಲಿ ಆಗುವ ನಷ್ಟವನ್ನೂ ಕಳೆದರೆ ಪ್ಲಗ್ಗಿನಲ್ಲಿ ಕೈಗೆ ಸಿಗುವುದು ಸುಮಾರು 4.2 ಯೂನಿಟ್. ಫ್ರಿಜ್, ಎಲ್‌ಇಡಿ ದೀಪಗಳು, ಕಡಿಮೆ ವಿದ್ಯುತ್ ಎಳೆಯುವ ಎರಡು ಬಿಎಲ್‌ಡಿಸಿ ಫ್ಯಾನ್, ವೈ-ಫೈ, ಸ್ವಲ್ಪ ಹೊತ್ತು ಟಿವಿ ಇಷ್ಟಕ್ಕೆ ಸಂಜೆಯಿಂದ ಬೆಳಗಿನವರೆಗೆ ಎರಡು ಯೂನಿಟ್‌ನ ಆಸುಪಾಸು ಸಾಕು. ಎಸಿ, ಗೀಜರ್, ಇಸ್ತ್ರಿಪೆಟ್ಟಿಗೆಗಳು ಈ ಲೆಕ್ಕದಲ್ಲಿಲ್ಲ, ಇರಲೂಬಾರದು. ಹಳೆಯ ಪದ್ಧತಿಯಂತೆ 150 ಆಂಪಿಯರ್-ಅವರ್‌ನ 12 ವೋಲ್ಟಿನ ನಾಲ್ಕು ಟ್ಯೂಬುಲರ್ ಸೀಸದ ಬ್ಯಾಟರಿ ಇಟ್ಟರೆ ಕಾಗದದ ಮೇಲೆ 7.2 ಯೂನಿಟ್ ಕಾಣುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ನಿಯಮದಿಂದಾಗಿ ನಿಜವಾಗಿ ಸಿಗುವುದು 3.6 ಯೂನಿಟ್ ಮಾತ್ರ, ತೂಕವೋ ಇನ್ನೂರು ಕಿಲೋ ದಾಟುತ್ತದೆ.

ತೂಕದ ಮಾತು ಬಂದದ್ದರಿಂದ, ಕೊಳ್ಳುವವರು ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಇಲ್ಲೇ ಹೇಳುತ್ತೇನೆ. 100 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ ಕೋಶವೊಂದು ಸುಮಾರು ಎರಡು ಕಿಲೋ ತೂಗುತ್ತದೆ. ಹದಿನಾರು ಕೋಶಗಳಿಗೇ 32 ಕಿಲೋ ಆಗುತ್ತದೆ, ಕವಚ ಸೇರಿದರೆ 40ರಿಂದ 50 ಕಿಲೋ. ಐದು ಯೂನಿಟ್ ಎಂದು ಬರೆದ ಪೆಟ್ಟಿಗೆ 30 ಕಿಲೋ ತೂಗಿದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ. ನಾವು ನೋಡಿದ ಪೆಟ್ಟಿಗೆಯನ್ನು ಇಬ್ಬರು ಹೊತ್ತು ಎರಡನೇ ಮಹಡಿಗೆ ತಂದರು, ಮತ್ತು ಅವರ ಉಸಿರಾಟವೇ ಸಾಮರ್ಥ್ಯದ ಪ್ರಮಾಣಪತ್ರದಂತಿತ್ತು. ಹಳೆಯ ವಿದ್ಯುತ್ ವಾಹನಗಳಿಂದ ಕಳಚಿದ ಅಥವಾ ಎರಡನೇ ದರ್ಜೆಯ ಕೋಶಗಳನ್ನು ಹೊಸದೆಂದು ತುಂಬಿ ಮಾರುವವರು ಇಲ್ಲಿಯೂ ಇದ್ದಾರೆ, ಅಲ್ಲಿಯೂ ಇದ್ದಾರೆ. ಕೋಶದ ಮೇಲಿನ ಕ್ಯೂಆರ್ ಗುರುತನ್ನು ಉಜ್ಜಿ ಅಳಿಸಿದ್ದರೆ ಅನುಮಾನಪಡಲೇಬೇಕು. ತೂಕ ಸರಿಯಿದ್ದ ಮಾತ್ರಕ್ಕೆ ಕೋಶಗಳು ಹೊಸವೆಂದು ಅರ್ಥವಲ್ಲ. ಅದಕ್ಕೆ ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಿ ಅಳೆದು ತೋರಿಸಿ ಎಂದು ಕೇಳುವುದೊಂದೇ ದಾರಿ.

ಇನ್ನು ಬಿಸಿಯ ವಿಚಾರ. 6000 ಸೈಕಲ್‌ನ ಅಂಕಿಯ ಪಕ್ಕದಲ್ಲಿ ಚಿಕ್ಕ ಅಕ್ಷರಗಳಲ್ಲಿ 25 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ. ದಿನಕ್ಕೊಂದು ಸೈಕಲ್ ಎಂದು ಹಿಡಿದರೆ 6000 ಎಂದರೆ ಹದಿನಾರು ವರ್ಷಕ್ಕಿಂತ ಹೆಚ್ಚು. ಬಳಕೆಯಿಂದ ಅಷ್ಟು ಸವೆಯುವ ಮೊದಲೇ ವಯಸ್ಸಿನಿಂದ ಬ್ಯಾಟರಿ ಕುಗ್ಗುತ್ತದೆ, ಮತ್ತು ಪ್ರತಿ ಹತ್ತು ಡಿಗ್ರಿ ಬಿಸಿ ಏರಿದಂತೆ ಈ ಕುಗ್ಗುವಿಕೆಯ ವೇಗ ಸ್ಥೂಲವಾಗಿ ಎರಡು ಪಟ್ಟಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಂದಾಜು. ಕೋಥ್ರೂಡಿನ ಮನೆಯಲ್ಲಿ ಪೆಟ್ಟಿಗೆಯನ್ನು ಮೊದಲು ಪಡುವಣ ಬಾಲ್ಕನಿಯ ಗೋಡೆಗೆ ಹಾಕಲಾಗಿತ್ತು. ಮೇಲೆ ಫೈಬರ್ ಶೀಟು, ಮೂರು ಕಡೆ ಗಾಜು. ಏಪ್ರಿಲ್‌ನ ಮಧ್ಯಾಹ್ನವೊಂದರಲ್ಲಿ ಅದರ ಪರದೆ ಕೋಶದ ಉಷ್ಣಾಂಶವನ್ನು 43 ಡಿಗ್ರಿ ಎಂದು ತೋರಿಸಿತು. ಆಗ ಬ್ಯಾಟರಿ ತುಂಬಿ ಸುಮ್ಮನೆ ಕುಳಿತಿತ್ತು, ಕೆಲಸವನ್ನೇನೂ ಮಾಡುತ್ತಿರಲಿಲ್ಲ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಿಸಿಯಲ್ಲಿರುವುದು ಎಲ್‌ಎಫ್‌ಪಿಗೆ ಬಹಳ ಕೆಟ್ಟದ್ದು. ಪೆಟ್ಟಿಗೆಯನ್ನು ಮನೆಯೊಳಗಿನ ಪಡಸಾಲೆಯ ಗೋಡೆಗೆ ಸ್ಥಳಾಂತರಿಸಿದ ಮೇಲೆ ಅದೇ ಋತುವಿನಲ್ಲಿ ಅಂಕಿ 34ರ ಸುತ್ತ ನಿಂತಿತು. ಈ ಒಂದು ಬದಲಾವಣೆಯಿಂದ ಸಿಕ್ಕ ಆಯುಸ್ಸು ಯಾವ ದುಬಾರಿ ಬ್ರ್ಯಾಂಡ್ ಕೊಂಡರೂ ಸಿಗುವಂಥದ್ದಲ್ಲ.

ಆಫ್ರಿಕಾ ಎಂದರೆ ಒಂದೇ ಬಗೆಯ ಸುಡುಬಿಸಿಲು ಎಂಬ ಕಲ್ಪನೆಯಿಂದ ಬ್ಯಾಟರಿ ಆರಿಸುವುದೂ ತಪ್ಪು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಹವೆ ನಮ್ಮ ಪುಣೆಗಿಂತ ತಂಪು, ಬ್ಯಾಟರಿಗೆ ಹೇಳಿ ಮಾಡಿಸಿದಂಥದ್ದು. ಲಾಗೋಸ್ ಮತ್ತು ಮೊಂಬಾಸಾಗಳಲ್ಲಿ ಉಷ್ಣಾಂಶಕ್ಕಿಂತ ತೇವ ಮತ್ತು ಉಪ್ಪುಗಾಳಿಯ ಕಾಟ ಹೆಚ್ಚು. ಖಾರ್ತೂಮಿನ ಬೇಸಿಗೆ 45 ಡಿಗ್ರಿ ದಾಟುತ್ತದೆ. ಅಲ್ಲಿ ಚಾರ್ಜಿಂಗ್‌ನ ಮೇಲ್ಮಿತಿ 45 ಎಂದಿರುವ ಪೆಟ್ಟಿಗೆ ಮಧ್ಯಾಹ್ನ ಬಿಸಿಲು ಸಮೃದ್ಧವಾಗಿರುವಾಗಲೇ ಚಾರ್ಜ್ ಆಗುವುದನ್ನು ನಿಲ್ಲಿಸಿಬಿಡಬಹುದು, ಆದ್ದರಿಂದ 50 ಅಥವಾ 55ರ ಮಿತಿ ಇರುವುದನ್ನೇ ಹುಡುಕಬೇಕು. ಜೋಹಾನ್ಸ್‌ಬರ್ಗಿನಲ್ಲಿ ಇದಕ್ಕೆ ತದ್ವಿರುದ್ಧವಾದ ಸಮಸ್ಯೆಯಿದೆ: ಜೂನ್, ಜುಲೈ ತಿಂಗಳ ರಾತ್ರಿಗಳಲ್ಲಿ ಅಲ್ಲಿ ಮಂಜು ಹೆಪ್ಪುಗಟ್ಟುತ್ತದೆ. ಸೊನ್ನೆಗಿಂತ ಕೆಳಗಿನ ಉಷ್ಣಾಂಶದಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಕೋಶದೊಳಗೆ ಪದರಗಟ್ಟಿ ಶಾಶ್ವತ ಹಾನಿಯಾಗುತ್ತದೆ. ಹೊರಗಿನ ಗ್ಯಾರೇಜಿನಲ್ಲಿ ಬ್ಯಾಟರಿ ಇಡುವವರು ಕಡಿಮೆ ಉಷ್ಣಾಂಶದಲ್ಲಿ ಚಾರ್ಜಿಂಗನ್ನು ತಾನೇ ತಡೆಯುವ ವ್ಯವಸ್ಥೆ ಇದೆಯೇ ಎಂದು ಕೇಳಲೇಬೇಕು. ಆಡಿಸ್ ಅಬಾಬಾ 2,300 ಮೀಟರಿಗೂ ಮೇಲಿದೆ, ಹಲವು ಇನ್ವರ್ಟರ್‌ಗಳು 2,000 ಮೀಟರಿನ ಮೇಲೆ ತಮ್ಮ ಪೂರ್ಣ ಸಾಮರ್ಥ್ಯದ ಭರವಸೆ ಕೊಡುವುದಿಲ್ಲ.

ತುಂಬಿಕೊಳ್ಳುವ ವೇಗಕ್ಕೆ ಬರೋಣ, ಏಕೆಂದರೆ ಸೀಸದ ಬ್ಯಾಟರಿಗಳು ಅಲ್ಲಿ ಸೋತದ್ದು ಇದೇ ಜಾಗದಲ್ಲಿ. ದಕ್ಷಿಣ ಆಫ್ರಿಕಾದ ಸರ್ಕಾರಿ ವಿದ್ಯುತ್ ಸಂಸ್ಥೆಯಾದ ಎಸ್ಕಾಮ್‌ನ ಲೋಡ್ ಶೆಡ್ಡಿಂಗ್ ಹಂತಗಳಲ್ಲಿ ನಡೆಯುತ್ತದೆ, ಪ್ರತಿ ಹಂತಕ್ಕೆ 1,000 ಮೆಗಾವ್ಯಾಟ್ ಕಡಿತ. ಆರನೇ ಹಂತದಲ್ಲಿ ದಿನಕ್ಕೆ ಮೂರು, ನಾಲ್ಕು ಬಾರಿ ಕರೆಂಟ್ ಹೋಗುತ್ತಿತ್ತು, ನಡುವೆ ಸಿಗುತ್ತಿದ್ದುದು ಕೆಲವೇ ಗಂಟೆಗಳ ಬಿಡುವು. ಸೀಸದ ಬ್ಯಾಟರಿ ಕೊನೆಯ ಕಾಲುಭಾಗ ತುಂಬಿಕೊಳ್ಳಲು ಗಂಟೆಗಟ್ಟಲೆ ತೆಗೆದುಕೊಳ್ಳುವುದರಿಂದ ಅದು ಎಂದೂ ಪೂರ್ತಿ ತುಂಬದೆ, ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಕಟ್ಟಿಕೊಂಡು ಬೇಗ ಸಾಯುತ್ತದೆ. ನಮ್ಮ ಎಲ್‌ಎಫ್‌ಪಿ ಪೆಟ್ಟಿಗೆ 50 ಆಂಪಿಯರ್‌ನಲ್ಲಿ ಸರಿಸುಮಾರು ಎರಡು ಗಂಟೆಯಲ್ಲಿ ತುಂಬುತ್ತದೆ, ಅರ್ಧ ತುಂಬಿದಾಗ ಕರೆಂಟ್ ಹೋದರೂ ಅದಕ್ಕೆ ಬೇಸರವಿಲ್ಲ. ಆದರೆ ಇನ್ವರ್ಟರ್‌ನ ಚಾರ್ಜರ್ ಆ 50 ಆಂಪಿಯರ್ ಕೊಡಬೇಕಲ್ಲ? ನಮ್ಮಲ್ಲಿ ಮನೆಗಳಿಗೆ ಮಾರುವ ಅಗ್ಗದ ಇನ್ವರ್ಟರ್‌ಗಳ ಚಾರ್ಜರ್ 10ರಿಂದ 15 ಆಂಪಿಯರ್‌ನದು. ಅದಕ್ಕೆ ಈ ಬ್ಯಾಟರಿ ಜೋಡಿಸಿದರೆ ಹಣ ಕೊಟ್ಟು ಕೊಂಡ ಗುಣವೇ ಉಪಯೋಗಕ್ಕೆ ಬರುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2024ರ ಮಾರ್ಚ್ ಅಂತ್ಯದಿಂದ 2025ರ ಜನವರಿ ಅಂತ್ಯದವರೆಗೆ ಲೋಡ್ ಶೆಡ್ಡಿಂಗ್ ಇರಲಿಲ್ಲವಾದ್ದರಿಂದ ಈಗ ಕೊಳ್ಳುವವರು ಹಳೆಯ ಆರನೇ ಹಂತವನ್ನೇ ಮನಸ್ಸಿನಲ್ಲಿಟ್ಟುಕೊಂಡು ಎರಡು ಮೂರು ಪೆಟ್ಟಿಗೆ ಹಾಕಿಸಬೇಕಾಗಿಲ್ಲ. ಒಂದರಿಂದ ಆರಂಭಿಸಿ, ಬೇಕಾದಾಗ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಲು ಅವಕಾಶವಿರುವುದನ್ನು ಆರಿಸಿದರೆ ಸಾಕು.

ನೈಜೀರಿಯಾದ ಕತೆ ಬೇರೆ. 2024ರ ಏಪ್ರಿಲ್‌ನಲ್ಲಿ ಅಲ್ಲಿ ದಿನಕ್ಕೆ 20 ಗಂಟೆ ವಿದ್ಯುತ್ ಪಡೆಯುವ ಎ ವರ್ಗದ ಗ್ರಾಹಕರ ದರವನ್ನು ಒಮ್ಮೆಲೇ ಹಲವು ಪಟ್ಟು ಏರಿಸಲಾಯಿತು, ಉಳಿದ ವರ್ಗಗಳಿಗೆ ಕಡಿಮೆ ಗಂಟೆಗಳು, ಕಡಿಮೆ ದರ. ಅದಕ್ಕೂ ಮೊದಲು 2023ರ ಮೇ ತಿಂಗಳಲ್ಲಿ ಪೆಟ್ರೋಲಿನ ಸಬ್ಸಿಡಿ ಹೋಗಿದ್ದರಿಂದ ಮನೆಮನೆಯ ಜನರೇಟರ್ ಓಡಿಸುವುದು ದುಬಾರಿಯಾಯಿತು. ಹೀಗಾಗಿ ಲಾಗೋಸಿನಲ್ಲಿ ಮನೆ ಮಾಡುವವರು ತಮ್ಮ ಬೀದಿ ಯಾವ ವರ್ಗದಲ್ಲಿದೆ ಎಂದು ತಿಳಿದುಕೊಂಡ ಮೇಲೆಯೇ ಬ್ಯಾಟರಿಯ ಗಾತ್ರ ನಿರ್ಧರಿಸಬೇಕು. ಚಿಕ್ಕ ಜನರೇಟರಿನಿಂದ ಚಾರ್ಜ್ ಮಾಡುವವರು ಇನ್ವರ್ಟರ್‌ನಲ್ಲಿ ಚಾರ್ಜಿಂಗ್ ಪ್ರವಾಹವನ್ನು 20 ಆಂಪಿಯರ್‌ನ ಸುತ್ತ ಇಳಿಸಿಡಬೇಕು, ಇಲ್ಲದಿದ್ದರೆ ಎಲ್‌ಎಫ್‌ಪಿ ಕೇಳಿದಷ್ಟನ್ನೂ ಎಳೆದುಕೊಂಡು ಜನರೇಟರಿನ ಉಸಿರು ಕಟ್ಟಿಸುತ್ತದೆ.

ಕೋಥ್ರೂಡಿನ ಪೆಟ್ಟಿಗೆ ತನ್ನ ದೌರ್ಬಲ್ಯವನ್ನು ತೋರಿಸಿದ್ದು ಮಳೆಗಾಲದಲ್ಲಿ. ಮೋಡ ಕವಿದ ವಾರಗಳಲ್ಲಿ ಸೋಲಾರ್ ಫಲಕಗಳಿಂದ ಬರುವ ವಿದ್ಯುತ್ತು ಬ್ಯಾಟರಿಯನ್ನು ಎಂದೂ ಪೂರ್ತಿ ತುಂಬಿಸಲಿಲ್ಲ. ಬಿಲ್ ಉಳಿಸಲೆಂದು ಮನೆಯವರು ಸರಬರಾಜು ಕಂಪನಿ ಮಹಾವಿತರಣದ ಕರೆಂಟಿನಿಂದ ಚಾರ್ಜ್ ಆಗುವುದನ್ನು ನಿಲ್ಲಿಸಿದ್ದರು. ಒಂದು ಸಂಜೆ ಪರದೆಯ ಮೇಲೆ ಶೇಕಡಾ 38 ಎಂದಿರುವಾಗಲೇ ಪೆಟ್ಟಿಗೆ ತಟಕ್ಕನೆ ಆರಿತು. ಮನೆಯವರಿಗೆ ಬ್ಯಾಟರಿ ಕೆಟ್ಟಿದೆ ಎನಿಸಿತು. ಕೆಟ್ಟಿರಲಿಲ್ಲ. ಎಲ್‌ಎಫ್‌ಪಿಯ ವೋಲ್ಟೇಜು ಬಹುಪಾಲು ಉದ್ದಕ್ಕೂ ಸಮತಟ್ಟಾಗಿರುವುದರಿಂದ ಅದನ್ನು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಒಳಗಿನ ನಿಯಂತ್ರಕ, ಅಂದರೆ ಬಿಎಂಎಸ್, ಹೋದದ್ದು ಬಂದದ್ದನ್ನು ಕೂಡಿ ಕಳೆದು ಲೆಕ್ಕ ಇಡುತ್ತದೆ. ಪೂರ್ತಿ ತುಂಬಿದಾಗ ಮಾತ್ರ ಆ ಲೆಕ್ಕ ಸರಿಹೊಂದುತ್ತದೆ, ಹದಿನಾರು ಕೋಶಗಳ ನಡುವಿನ ಏರುಪೇರೂ ಆಗಲೇ ಸಮನಾಗುತ್ತದೆ. ವಾರಗಟ್ಟಲೆ ತುಂಬದಿದ್ದರೆ ಲೆಕ್ಕ ತಪ್ಪುತ್ತದೆ, ಒಂದು ಕೋಶ ಉಳಿದವಕ್ಕಿಂತ ಮೊದಲೇ ಬರಿದಾಗಿ ಇಡೀ ಪೆಟ್ಟಿಗೆಯನ್ನು ನಿಲ್ಲಿಸುತ್ತದೆ. ನಿಧಾನವಾಗಿ ಪೂರ್ತಿ ತುಂಬಿಸಿ ಒಂದು ರಾತ್ರಿ ಹಾಗೆಯೇ ಬಿಟ್ಟ ಮೇಲೆ ಎಲ್ಲ ಸರಿಯಾಯಿತು. ಜುಲೈ, ಆಗಸ್ಟ್ ತಿಂಗಳ ನೈರೋಬಿಯ ಮೋಡ, ಪಶ್ಚಿಮ ಆಫ್ರಿಕಾದಲ್ಲಿ ಸಹಾರಾದಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು ಇದೇ ಪರಿಸ್ಥಿತಿಯನ್ನು ತರುತ್ತವೆ. ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ ಎಂಬುದು ಈ ಉತ್ಪನ್ನದ ಮೇಲಿನ ನನ್ನ ದೊಡ್ಡ ಆಕ್ಷೇಪ. ಪ್ರತಿ ಕೋಶದ ವೋಲ್ಟೇಜನ್ನು ಬೇರೆ ಬೇರೆಯಾಗಿ ತೋರಿಸುವ ಪರದೆ ಅಥವಾ ಆ್ಯಪ್ ಇದ್ದುದರಿಂದಲೇ ನಮಗೆ ಕಾರಣ ಗೊತ್ತಾಯಿತು. ಆ ಸೌಲಭ್ಯವಿಲ್ಲದ ಪೆಟ್ಟಿಗೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಇನ್ನೊಂದು ಮಿತಿ ಪ್ರವಾಹದ್ದು. 5 ಕಿಲೋವ್ಯಾಟ್ ಇನ್ವರ್ಟರ್ ಎಂದು ಹೆಮ್ಮೆಯಿಂದ ಕೊಂಡು, ನಿರಂತರವಾಗಿ 50 ಆಂಪಿಯರ್ ಮಾತ್ರ ಕೊಡಬಲ್ಲ ಒಂದೇ ಬ್ಯಾಟರಿ ಜೋಡಿಸಿದರೆ ಕೈಗೆ ಸಿಗುವುದು ಎರಡೂವರೆ ಕಿಲೋವ್ಯಾಟ್ ಮಾತ್ರ. ಕೊಳವೆಬಾವಿಯ ಪಂಪಾಗಲಿ ಹಳೆಯ ಫ್ರಿಜ್ಜಾಗಲಿ ಚಾಲೂ ಆಗುವ ಕ್ಷಣದಲ್ಲಿ ತನ್ನ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ನಮ್ಮ ಪೆಟ್ಟಿಗೆಯ ಮಿತಿ 100 ಆಂಪಿಯರ್, ಒಂದು ಅಶ್ವಶಕ್ತಿಯ ಪಂಪನ್ನು ತಕರಾರಿಲ್ಲದೆ ಎತ್ತಿತು.

ಜೋಡಣೆಯ ಬಗ್ಗೆ ಒಳ್ಳೆಯದನ್ನು ಬರೆಯಲಾರೆ. ಬುಧವಾರ ಪೇಟೆಯ ತಪಕೀರ್ ಗಲ್ಲಿಯಂಥ ವಿದ್ಯುತ್ ಸಾಮಾನುಗಳ ಮಾರುಕಟ್ಟೆ ಹತ್ತಿರವೇ ಇರುವ ಊರಿನಲ್ಲಿ, ಅಂಗಡಿಯೊಂದರಿಂದ ಬಂದ ಕೆಲಸಗಾರರು ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಮನೆಯ ಪರ್ಯಾಯ ವಿದ್ಯುತ್ತಿಗೆ (ಎಸಿ) ಮಾಡಿದ ಮಾಮೂಲಿ ಎಂಸಿಬಿ ಹಾಕಿ ಹೊರಟಿದ್ದರು. ಎಸಿ ಪ್ರವಾಹ ಸೆಕೆಂಡಿಗೆ ನೂರು ಬಾರಿ ಸೊನ್ನೆಯನ್ನು ದಾಟುವುದರಿಂದ ಸಂಪರ್ಕ ಕಡಿಯುವಾಗಿನ ಕಿಡಿ ಅಲ್ಲಿ ತಾನೇ ಆರುತ್ತದೆ, ಬ್ಯಾಟರಿಯ ನೇರ ಪ್ರವಾಹದಲ್ಲಿ (ಡಿಸಿ) ಹಾಗೆ ಸುಲಭವಾಗಿ ಆರುವುದಿಲ್ಲ. ಎಲ್‌ಎಫ್‌ಪಿ ಕೋಶದ ಆಂತರಿಕ ರೋಧ ತೀರ ಕಡಿಮೆಯಾದ್ದರಿಂದ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯಬಹುದು. ಅದಕ್ಕೆ ಡಿಸಿಗೆಂದೇ ಮಾಡಿದ, ಟಿ ದರ್ಜೆಯಂಥ ಫ್ಯೂಸು ಬೇಕು. ಹಳೆಯ ಇನ್ವರ್ಟರ್ ಉಳಿಸಿಕೊಂಡವರು ಸೀಸದ ಬ್ಯಾಟರಿಗಳಿಗಾಗಿ ಇರುವ, ಆಗಾಗ ಹೆಚ್ಚು ವೋಲ್ಟೇಜು ಕೊಡುವ ಈಕ್ವಲೈಸೇಷನ್ ಎಂಬ ಆಯ್ಕೆಯನ್ನು ಮುಚ್ಚಬೇಕು. ಚಾರ್ಜಿಂಗ್ ವೋಲ್ಟೇಜನ್ನು 56ರ ಸುತ್ತ ಇಟ್ಟರೆ ಸಾಕು, 58.4 ಎಂಬುದು ಅಂಚು, ಗುರಿಯಲ್ಲ.

ಕರಾವಳಿಯ ಪರೀಕ್ಷೆಗೆ ಪುಣೆ ಸಾಲದು. ಗೋವಾದ ವಾಸ್ಕೋದಲ್ಲಿರುವ ಪರಿಚಿತರೊಬ್ಬರ ಮನೆಯಲ್ಲಿ ಇದೇ ಮಾದರಿಯ, ಆದರೆ ಗಾಳಿಗೆ ತೆರೆದ ಕಿಂಡಿಗಳಿರುವ ಐಪಿ 20 (ಐಪಿ ಎಂದರೆ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತು) ಪೆಟ್ಟಿಗೆಯ ಟರ್ಮಿನಲ್‌ಗಳ ಮೇಲೆ ಹಸಿರು ಕಿಲುಬು ಕಟ್ಟಿದ್ದನ್ನು ನೋಡಿದ್ದೇನೆ; ಕಿಂಡಿಯ ಒಳಗೆ ಇರುವೆಗಳ ಸಾಲು, ಸರ್ಕ್ಯೂಟಿನ ಮೇಲೆ ಒಣಗಿದ ಹಲ್ಲಿ. ದಾರ್ ಎಸ್ ಸಲಾಮ್, ಮೊಂಬಾಸಾ, ಲಾಗೋಸ್‌ಗಳಿಗೆ ಐಪಿ 65 ಮುದ್ರೆಯ ಮುಚ್ಚಿದ ಕವಚವೇ ಸರಿ. ಸಿಡಿಲು ವಿಪರೀತವಾಗಿರುವ ವಿಕ್ಟೋರಿಯಾ ಸರೋವರದ ಸುತ್ತಲಿನ ಊರುಗಳಲ್ಲಿ ಫಲಕದ ಕಡೆಗೂ ಗ್ರಿಡ್ಡಿನ ಕಡೆಗೂ ಸರ್ಜ್ ಪ್ರೊಟೆಕ್ಟರ್ ಹಾಕಿಸದೆ ಯಾವ ಬ್ಯಾಟರಿಯನ್ನೂ ಜೋಡಿಸಬಾರದು.

ಇಲ್ಲಿಂದ ಕೊಂಡು ಕಳಿಸುವ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ವಿಮಾನದಲ್ಲಿ ಪ್ರಯಾಣಿಕರು 100 ವ್ಯಾಟ್-ಅವರ್‌ವರೆಗಿನ, ವಿಶೇಷ ಅನುಮತಿಯಿದ್ದರೆ 160ರವರೆಗಿನ ಲಿಥಿಯಂ ಬ್ಯಾಟರಿಯನ್ನಷ್ಟೇ ಒಯ್ಯಬಹುದು, ನಮ್ಮದು 5,120. ಹಡಗಿನಲ್ಲಿ ಅದು ಒಂಬತ್ತನೇ ವರ್ಗದ ಅಪಾಯಕಾರಿ ಸರಕು, ಸಾಗಣೆಯ ಸುರಕ್ಷತೆಗೆಂದು ಮಾಡುವ ಯುಎನ್ 38.3 ಪರೀಕ್ಷೆಯ ದಾಖಲೆ ಬೇಕು. ಹೇಗೋ ತಲುಪಿಸಿದರೂ ಕೆಟ್ಟಾಗ ವಾರಂಟಿಗಾಗಿ ಅದೇ ದಾರಿಯಲ್ಲಿ ಪುಣೆಗೆ ಮರಳಿ ಕಳಿಸುವವರು ಯಾರು? ಪೈಲಾನ್‌ಟೆಕ್‌ನಂಥ ಚೀನೀ ಬ್ರ್ಯಾಂಡ್‌ಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ, ದಕ್ಷಿಣ ಆಫ್ರಿಕಾದಲ್ಲಿ ಫ್ರೀಡಂ ವನ್, ಹಬಲ್ ಎಂಬ ಸ್ಥಳೀಯ ಹೆಸರುಗಳೂ ಇವೆ. ಇಲ್ಲಿಂದ ಒಯ್ಯಬೇಕಾದ್ದು ಇದ್ದರೆ ಅದು ಪ್ಲಗ್ ಮಾತ್ರ, ಅದೂ ದೇಶ ನೋಡಿ: ದಕ್ಷಿಣ ಆಫ್ರಿಕಾದ ಹಳೆಯ ದೊಡ್ಡ ದುಂಡು ಪಿನ್ನು ನಮ್ಮ ಗೀಜರ್ ಪ್ಲಗ್ಗಿನ ಬಳಗದ್ದೇ, ಕೀನ್ಯಾ, ನೈಜೀರಿಯಾಗಳಲ್ಲಿ ಮಾತ್ರ ಬ್ರಿಟಿಷರ ಚಪ್ಪಟೆ ಪಿನ್ನು.

ಅಲ್ಲಿ ಕೊಳ್ಳುವಾಗ ಐಇಸಿ 62619 ಸುರಕ್ಷತಾ ಪ್ರಮಾಣಪತ್ರವನ್ನು ನೋಡಬೇಕು, ಮತ್ತು ತಾವು ಹಾಕಿಸುತ್ತಿರುವ ಇನ್ವರ್ಟರ್, ಅದು ಡೆಯ್ ಆಗಲಿ ಗ್ರೋವ್ಯಾಟ್ ಆಗಲಿ ವಿಕ್ಟ್ರಾನ್ ಆಗಲಿ, ಬ್ಯಾಟರಿ ತಯಾರಕರ ಹೊಂದಾಣಿಕೆಯ ಪಟ್ಟಿಯಲ್ಲಿ ಮಾದರಿಯ ಹೆಸರಿನ ಸಮೇತ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಎರಡೂ ಕಡೆ ಒಂದೇ ಬಗೆಯ ಜಾಕ್ ಕಾಣಿಸಿದರೂ ಒಳಗಿನ ತಂತಿಗಳ ಕ್ರಮ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಸರಿಯಾದ ಸಂವಹನ ಕೇಬಲ್ಲನ್ನು ಅಂಗಡಿಯವರೇ ಕೊಟ್ಟು, ಇನ್ವರ್ಟರ್‌ನ ಪರದೆಯಲ್ಲಿ ಬ್ಯಾಟರಿಯ ಶೇಕಡಾವಾರು ಮೂಡುವುದನ್ನು ತೋರಿಸಿದ ಮೇಲೆಯೇ ಬಾಕಿ ಹಣ ಕೊಡುವುದು ಮೇಲು. ದಕ್ಷಿಣ ಆಫ್ರಿಕಾದಲ್ಲಾದರೆ ನೋಂದಾಯಿತ ಎಲೆಕ್ಟ್ರಿಷಿಯನ್ ಕೊಡುವ ಸಿಒಸಿ ಎಂಬ ಪ್ರಮಾಣಪತ್ರವನ್ನೂ ಪಡೆಯಬೇಕು, ವಿಮಾ ಕಂಪನಿಯವರು ಅದನ್ನು ಕೇಳುತ್ತಾರೆ. ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ ಯಾವ ಉಷ್ಣಾಂಶದವರೆಗೆ ಅದು ಅನ್ವಯಿಸುತ್ತದೆ, ಒಟ್ಟು ಎಷ್ಟು ಯೂನಿಟ್ ಹರಿದ ಮೇಲೆ ಮುಗಿಯುತ್ತದೆ, ರಿಪೇರಿ ಯಾವ ಊರಿನಲ್ಲಿ ನಡೆಯುತ್ತದೆ ಎಂಬ ಮೂರನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎಷ್ಟೇ ರಿಯಾಯಿತಿ ಸಿಕ್ಕರೂ ಕೊಳ್ಳಬಾರದು.